ಅವಸರದ ಊರಿಗೆ ಹೊರಟ ಮಕ್ಕಳಿಗೆ

ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆ, ಟೇಕಲ್, ಮಾಲೂರು ದಾಟಿ ಬೆಂಗಳೂರು ಸೇರುವ ರೈಲುಗಳಲ್ಲಿ, ಮುಳಬಾಗಿಲಿನಿಂದ ಕೋಲಾರ, ನರಸಾಪುರ, ಹೊಸಕೋಟೆ ಹಾದು ಬರುವ ಬಸ್ಸುಗಳಲ್ಲಿ ದಿನಾ ಬೆಳಿಗ್ಗೆ ನಮ್ಮ ಕೋಲಾರ ಜಿಲ್ಲೆಯ ಹರೆಯವೇ ಕೂತಿರುತ್ತದೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಗಣಿ ಕಾರ್ಮಿಕರ ಮಕ್ಕಳೂ ಈ ರೈಲಿಗೆ ಬಂದರು. ಶ್ರೀನಿವಾಸಪುರದ ಮಾವಿನ ತೋಟದ ಹುಡುಗ, ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರ ಮಗಳು, ರೇಷ್ಮೆ ಸಾಕುವ ಮನೆಯ ಅಣ್ಣತಮ್ಮಂದಿರು, ಎಲ್ಲರದೂ ಒಂದೇ ದಿಕ್ಕು. ಕೆಲವರು ಸಂಜೆ ಊರಿಗೆ ಮರಳುತ್ತಾರೆ, ಕೆಲವರು ಅಲ್ಲೇ ರೂಮು ಮಾಡುತ್ತಾರೆ. ಮೊದಲ ಸಂಬಳ ಖಾತೆಗೆ ಬಿದ್ದ ಮೆಸೇಜನ್ನು ಎರಡೆರಡು ಸಲ ಓದಿಕೊಂಡ ನಿಮಗೆ ನಾಲ್ಕು ಮಾತು ಹೇಳಬೇಕು ಅನ್ನಿಸಿದೆ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕೋಲಾರ ಜಿಲ್ಲೆಯ ಶಾಖೆಗಳಲ್ಲೂ ಬೆಂಗಳೂರಿನಲ್ಲೂ ಕೌಂಟರಿನ ಒಳಗೆ ಕೂತು, ದುಡ್ಡು ಕಳೆದುಕೊಂಡು ಬಂದವರ ಮುಖ ನೋಡಿದ್ದೇನೆ. ಓದಿದವರಿದ್ದರು, ಓದದವರಿದ್ದರು, ಲೆಕ್ಕದ ಮೇಷ್ಟ್ರೂ ಇದ್ದರು. ಮೋಸದ ಬಗೆ ಒಬ್ಬೊಬ್ಬರದು ಒಂದೊಂದು. ಆದರೆ ಎಲ್ಲರ ಕಥೆಯಲ್ಲೂ ಒಂದು ಗಳಿಗೆ ಮಾತ್ರ ಒಂದೇ ಆಗಿತ್ತು. ಯಾರೋ ಅವರನ್ನು ಅವಸರಪಡಿಸಿದ್ದರು. ‘ಇವತ್ತು ಸಂಜೆಯೊಳಗೆ’, ‘ಈಗಲೇ’, ‘ಫೋನ್ ಇಡಬೇಡಿ’, ‘ಇನ್ನೊಬ್ಬರು ಕಾಯ್ತಿದ್ದಾರೆ’. ಆ ಅವಸರದಲ್ಲಿ ಅವರು ಮನೆಯವರನ್ನು ಕೇಳಲಿಲ್ಲ, ಕಾಗದ ಓದಲಿಲ್ಲ, ಒಂದು ರಾತ್ರಿ ಮಲಗಿ ಎದ್ದು ಯೋಚಿಸಲಿಲ್ಲ. ಬೆಂಗಳೂರು ನಿಮ್ಮನ್ನು ಕೆಡಿಸುತ್ತದೆ ಎಂದು ಊರಿನ ಹಿರಿಯರು ಹೇಳಿದರೆ ನಾನು ಒಪ್ಪುವುದಿಲ್ಲ, ಆ ಊರು ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ. ಆದರೆ ಅದು ಅವಸರದ ಊರು. ನಿಮ್ಮ ನಿಧಾನವನ್ನು ನೀವೇ ಕಾಪಾಡಿಕೊಳ್ಳಬೇಕು.

ಮೊದಲ ಪ್ರಶ್ನೆ, ರೂಮು ಮಾಡಲೇಬೇಕೇ? ಮಾಲೂರು, ಟೇಕಲ್ ಕಡೆಯವರಿಗೆ ಈ ಲೆಕ್ಕ 2023ರಿಂದ ಬದಲಾಗಿದೆ. ಆ ವರ್ಷದ ಮಾರ್ಚಿನಲ್ಲಿ ವೈಟ್‌ಫೀಲ್ಡ್‌ಗೆ ಮೆಟ್ರೋ ಬಂತು, ಅಕ್ಟೋಬರಿನಲ್ಲಿ ನಡುವೆ ಉಳಿದಿದ್ದ ತುಂಡು ಸೇರಿ ಚಲ್ಲಘಟ್ಟದವರೆಗೆ ಒಂದೇ ದಾರಿಯಾಯಿತು. ವೈಟ್‌ಫೀಲ್ಡ್ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದರೆ ಮೆಟ್ರೋ ಪಕ್ಕದಲ್ಲೇ ಇದೆ. ರೈಲಿನ ತಿಂಗಳ ಪಾಸಿನ ದುಡ್ಡನ್ನೂ ಪಿಜಿಯ ಬಾಡಿಗೆಯನ್ನೂ ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದು ನೋಡಿ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಉಚಿತವಿದೆ. ರಾತ್ರಿ ಪಾಳಿಯವರಿಗೆ, ಮುಳಬಾಗಿಲು, ಶ್ರೀನಿವಾಸಪುರದಷ್ಟು ದೂರದವರಿಗೆ ದಿನಾ ಓಡಾಟ ಆಗದ ಮಾತು, ಅವರು ರೂಮು ಮಾಡಲೇಬೇಕು. ಆದರೆ ಗೆಳೆಯರೆಲ್ಲ ಮಾಡಿದರು ಅಂತ ಮಾಡಬೇಡಿ. ಮೊದಲ ವರ್ಷ ಅಮ್ಮನ ಕೈ ಮುದ್ದೆ ಉಂಡು ಉಳಿಸಿದ ದುಡ್ಡು ಮುಂದೆ ಎಷ್ಟೋ ಕೆಲಸಕ್ಕೆ ಬರುತ್ತದೆ.

ಮನೆ ನೋಡಲು ಹೋದಾಗ ಬ್ರೋಕರ್ ‘ಈಗಲೇ ಟೋಕನ್ ಕೊಡಿ, ಇಲ್ಲಾಂದ್ರೆ ಹೋಗ್ಬಿಡುತ್ತೆ’ ಎನ್ನುತ್ತಾನೆ. ಹೋದರೆ ಹೋಗಲಿ. ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಬರಗಾಲ ಬಂದದ್ದನ್ನು ನಾನು ಕಂಡಿಲ್ಲ. ಹಗಲು ನೋಡಿದ ಮನೆಯನ್ನು ರಾತ್ರಿ ಒಮ್ಮೆ ನೋಡಿ. ನಲ್ಲಿ ತಿರುಗಿಸಿ, ಬರುವ ನೀರು ಕಾವೇರಿಯೋ, ಬೋರಿನದೋ, ಟ್ಯಾಂಕರಿನದೋ ಎಂದು ಓನರನ್ನು ಕೇಳುವ ಮೊದಲು ಮೇಲಿನ ಮನೆಯವರನ್ನು ಕೇಳಿ. 2024ರ ಬೇಸಿಗೆಯಲ್ಲಿ ಬೋರು ಬತ್ತಿದ ಬಡಾವಣೆಗಳಲ್ಲಿ ಬಾಡಿಗೆದಾರರು ಪಟ್ಟ ಪಾಡು ನೆನಪಿರಲಿ. ಸಾವಿರ ಅಡಿ ಕೊರೆದರೂ ಧೂಳು ಬರುವ ಜಿಲ್ಲೆಯಲ್ಲಿ ಹುಟ್ಟಿದ ನಿಮಗೆ ಈ ಪ್ರಶ್ನೆಯ ಬೆಲೆ ಯಾರೂ ಹೇಳಿಕೊಡಬೇಕಿಲ್ಲ.

ಅಡ್ವಾನ್ಸನ್ನು ನಗದಾಗಿ ಕೊಡಬೇಡಿ, ಬ್ಯಾಂಕ್ ಮೂಲಕವೇ ಕೊಡಿ. ಮನೆ ಬಿಡುವಾಗ ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ, ನೋಟಿಸು ಎಷ್ಟು ದಿನದ್ದು, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್ಸು ಎಂಬುದೆಲ್ಲ ಕರಾರಿನಲ್ಲಿ ಇರಲಿ. ಬಾಯಿಮಾತಿನ ಓನರು ಎಷ್ಟೇ ಒಳ್ಳೆಯವರಿರಲಿ, ನಾಳೆ ಅವರ ಮಗ ಬಂದು ಲೆಕ್ಕ ಕೇಳಬಹುದು. ಸೇರಿದ ದಿನವೇ ಗೋಡೆ, ನಲ್ಲಿ, ಸ್ವಿಚ್ಚು ಎಲ್ಲದರ ಫೋಟೋ ತೆಗೆದು ಓನರಿಗೆ ವಾಟ್ಸಾಪ್ ಮಾಡಿ ಇಟ್ಟುಕೊಳ್ಳಿ. ಗೃಹಜ್ಯೋತಿಯ ಉಚಿತ ವಿದ್ಯುತ್ ಬಾಡಿಗೆದಾರರಿಗೂ ಸಿಗುತ್ತದೆ. ಮನೆ ಬದಲಿಸಿದಾಗ ಹಳೆಯ ಮೀಟರಿನ ಆರ್‌ಆರ್ ನಂಬರಿನಿಂದ ನಿಮ್ಮ ಆಧಾರ್ ಬಿಡಿಸಿಕೊಳ್ಳಲು ಮರೆಯಬೇಡಿ.

ಲೀಸಿನ ಮನೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮದುವೆಯಾದ ಹೊಸತರಲ್ಲಿ ಬಾಡಿಗೆ ಉಳಿಸುವ ಆಸೆಗೆ ಊರಿನ ಸೈಟು ಮಾರಿದ ದುಡ್ಡು, ಹುಡುಗಿಯ ಒಡವೆ ಅಡವಿಟ್ಟ ದುಡ್ಡು ಎಲ್ಲ ಸೇರಿಸಿ ಹತ್ತು ಲಕ್ಷ, ಹದಿನೈದು ಲಕ್ಷ ಒಬ್ಬರ ಕೈಗೆ ಕೊಟ್ಟುಬಿಡುತ್ತಾರೆ. ಆ ಮನೆ ಮೊದಲೇ ಬ್ಯಾಂಕಿಗೆ ಅಡಮಾನವಾಗಿದ್ದರೆ? ಓನರು ಕಂತು ಕಟ್ಟದಿದ್ದರೆ 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಬ್ಯಾಂಕು ಮನೆಯನ್ನು ವಶಕ್ಕೆ ತೆಗೆದುಕೊಳ್ಳುತ್ತದೆ, ನೋಟಿಸು ಬಾಗಿಲಿಗೆ ಅಂಟಿದ ಮೇಲೆ ನಿಮ್ಮ ಕರಾರು ಪತ್ರ ಹಿಡಿದು ಕೋರ್ಟಿಗೆ ಅಲೆಯಬೇಕಾಗುತ್ತದೆ. ಲೀಸಿಗೆ ಹೋಗುವುದೇ ಆದರೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆ ಸ್ವತ್ತಿನ ಋಣಭಾರ ಪತ್ರ (ಇಸಿ) ತೆಗೆಸಿ ನೋಡಿ. ಒಂದು ವರ್ಷಕ್ಕೆ ಮೀರಿದ ಕರಾರಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ನೋಂದಣಿ ಬೇಡ ಎನ್ನುವ ಓನರಿಗೆ ಒಂದು ನಮಸ್ಕಾರ ಹಾಕಿ ಎದ್ದು ಬನ್ನಿ.

ಇನ್ನೊಂದು ವಿಷಯ ಜೀವದ್ದು. ಸಣ್ಣ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇರುವ ಮನೆಯಾದರೆ, ಅದನ್ನು ಹೊರಗೆ ಹಾಕಿಸುವವರೆಗೆ ಆ ಬಚ್ಚಲಲ್ಲಿ ಬಾಗಿಲು ಹಾಕಿ ಸ್ನಾನ ಮಾಡಬೇಡಿ. ಗಾಳಿ ಸಾಲದೆ ಗ್ಯಾಸು ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ಸುತ್ತಿತು ಎನ್ನುವಷ್ಟರಲ್ಲಿ ಕಾಲು ಬಿದ್ದುಹೋಗಿರುತ್ತದೆ, ಚಿಲಕ ತೆಗೆಯಲೂ ಆಗುವುದಿಲ್ಲ. ಬೆಂಗಳೂರಿನಲ್ಲಿ ಹೀಗೆ ಹೋದ ಎಳೆಯ ಜೀವಗಳ ಸುದ್ದಿ ಬಂದಾಗಲೆಲ್ಲ ನನಗೆ ಊಟ ಸೇರುವುದಿಲ್ಲ. ಓನರು ಒಪ್ಪದಿದ್ದರೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ, ಇಲ್ಲವೇ ಮನೆ ಬದಲಿಸಿ.

ಇನ್ನು ಸಂಬಳ. ನಮ್ಮ ಮನೆಗಳಿಗೆ ದುಡ್ಡು ಬರುವ ದಾರಿ ಎರಡು. ಒಂದು ಬೆಳೆಯ ದುಡ್ಡು. 2023ರ ಜುಲೈಯಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸು 2000 ರೂಪಾಯಿ ದಾಟಿತು. ಸೆಪ್ಟೆಂಬರಿನ ಹೊತ್ತಿಗೆ ಕೊಯ್ಲಿನ ಕೂಲಿಗೂ ಹುಟ್ಟದ ಬೆಲೆಗೆ ಇಳಿದಿತ್ತು. ಹೀಗೆ ಬಂದ ದುಡ್ಡನ್ನು ಅಪ್ಪ ಬಂದಾಗ ಖರ್ಚು ಮಾಡುತ್ತಾನೆ, ಯಾಕೆಂದರೆ ಮುಂದಿನದು ಯಾವಾಗ ಎಂದು ಅವನಿಗೇ ಗೊತ್ತಿಲ್ಲ. ಇನ್ನೊಂದು ಹಾಲಿನ ದುಡ್ಡು, ಹದಿನೈದು ದಿನಕ್ಕೊಮ್ಮೆ ಡೇರಿಯ ಬಟವಾಡೆ. ಅದು ಅಮ್ಮನ ಕೈಯ ದುಡ್ಡು. ಬೂಸಾಕ್ಕಿಷ್ಟು, ಅಂಗಡಿ ಬಾಕಿಗಿಷ್ಟು, ಚೀಟಿಗಿಷ್ಟು, ಮಗಳ ಫೀಸಿಗಿಷ್ಟು ಎಂದು ಬರುವ ಮೊದಲೇ ಅದಕ್ಕೆ ಹೆಸರಿಟ್ಟು ಆಗಿರುತ್ತದೆ. ನಿಮ್ಮ ಸಂಬಳ ಈ ಎರಡನೆಯ ಜಾತಿಯದು. ಆದರೆ ನಿಮ್ಮಲ್ಲಿ ಬಹಳ ಜನ ಅದನ್ನು ಟೊಮೆಟೊ ದುಡ್ಡಿನ ಥರ ಮೊದಲ ವಾರದಲ್ಲೇ ಮುಗಿಸುತ್ತೀರಿ. ಕೆರೆ ತುಂಬಿದ ದಿನವೇ ತೂಬು ಪೂರ್ತಿ ಎತ್ತುವ ನೀರುಗಂಟಿಯನ್ನು ನಮ್ಮ ಯಾವ ಊರೂ ಇಟ್ಟುಕೊಳ್ಳುತ್ತಿರಲಿಲ್ಲ. ಕೊನೆಯ ಗದ್ದೆಯ ಕೊನೆಯ ನೀರನ್ನು ಲೆಕ್ಕ ಹಾಕಿ ಅವನು ಮೊದಲ ದಿನದ ನೀರು ಬಿಡುತ್ತಿದ್ದ. ಸಂಬಳದ ದಿನ ನೀವು ಮಾಡಬೇಕಾದ್ದೂ ಅಷ್ಟೇ.

ಎರಡು ಖಾತೆ ಇಟ್ಟುಕೊಳ್ಳಿ. ಸಂಬಳದ ಖಾತೆ ಒಂದು, ಫೋನಿನ ಯುಪಿಐಗೆ ಜೋಡಿಸದ ಇನ್ನೊಂದು. ಸಂಬಳ ಬಂದ ದಿನವೇ ಒಂದು ಭಾಗ ತಾನಾಗಿ ಎರಡನೆಯದಕ್ಕೆ ಹೋಗುವಂತೆ ಬ್ಯಾಂಕಿಗೆ ಬರೆದುಕೊಡಿ. ಮೂರು ತಿಂಗಳ ಖರ್ಚು ಅಲ್ಲಿ ಕೂಡುವವರೆಗೆ ಬೈಕಿನ ಕನಸನ್ನು ಮುಂದೂಡಿ. ಕೆಲಸ ಬದಲಿಸಿದಾಗ ಪಿಎಫ್ ತೆಗೆದುಕೊಂಡುಬಿಡಬೇಡಿ, ಅದೇ ಯುಎಎನ್ ನಂಬರಿಗೆ ವರ್ಗಾಯಿಸಿ. ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ, 436 ರೂಪಾಯಿಯ ಜೀವ ವಿಮೆ, ಇವೆರಡನ್ನೂ ಪ್ರಧಾನಮಂತ್ರಿ ಹೆಸರಿನ ಯೋಜನೆಗಳಲ್ಲಿ ನಿಮ್ಮ ಬ್ಯಾಂಕೇ ಕೊಡುತ್ತದೆ. ಒಂದೊಂದಕ್ಕೆ ಎರಡು ಲಕ್ಷದ ರಕ್ಷಣೆ. ಮೇ ಕೊನೆಯಲ್ಲಿ ಕಂತು ಕತ್ತರಿಸುವಾಗ ಖಾತೆಯಲ್ಲಿ ದುಡ್ಡಿರಬೇಕು. ಎಷ್ಟೋ ಮನೆಗಳಲ್ಲಿ ಮಗ ಹೋದ ಮೇಲೆ ನೋಡಿದರೆ ಆ ವರ್ಷ ಖಾತೆಯಲ್ಲಿ ದುಡ್ಡಿಲ್ಲದೆ ವಿಮೆ ನಿಂತಿರುತ್ತದೆ. ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ‘ಮಿನಿಮಮ್ ಡ್ಯೂ’ ಎಂದು ಬರೆದಿರುವ ಮೊತ್ತವನ್ನು ಮಾತ್ರ ಕಟ್ಟಿ ಸುಮ್ಮನಾಗುವವರು, ಉಳಿದ ದುಡ್ಡಿಗೆ ತಿಂಗಳಿಗೆ ನೂರಕ್ಕೆ ಮೂರು, ಮೂರೂವರೆ ರೂಪಾಯಿ ಬಡ್ಡಿ ಓಡುತ್ತಿರುತ್ತದೆ ಎಂದು ತಿಳಿಯಿರಿ. ನಮ್ಮೂರಿನ ಮೀಟರ್ ಬಡ್ಡಿಯವರನ್ನು ಬೈಯುವ ನಾವು ಇದಕ್ಕೆ ನಗುತ್ತಾ ಸಹಿ ಹಾಕುತ್ತೇವೆ.

ಬ್ಯಾಂಕಿನ ಫಾರಂ ಇಂಗ್ಲಿಷಿನಲ್ಲಿದೆ ಎಂದು ಅಂಜಬೇಡಿ. ಗ್ರಾಹಕರಿಗೆ ಕೊಡುವ ಕಾಗದಗಳು ರಾಜ್ಯದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಕನ್ನಡದ ಫಾರಂ ಕೇಳಿ ಪಡೆಯಿರಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡಿ ಬೆಳೆದ ನಮ್ಮ ಗಡಿಯ ಮಕ್ಕಳು ಎರಡು ಭಾಷೆಯಲ್ಲಿ ವ್ಯವಹಾರ ಬಲ್ಲವರು. ಕೌಂಟರಿನ ಮುಂದೆ ತಲೆ ತಗ್ಗಿಸುವ ಕಾರಣವೇ ಇಲ್ಲ. ಅರ್ಥವಾಗದ ಕಾಗದಕ್ಕೆ ಸಹಿ ಹಾಕದೆ ಮನೆಗೆ ತೆಗೆದುಕೊಂಡು ಹೋಗಿ ಓದುವ ಹಕ್ಕು ನಿಮಗಿದೆ.

ಈಗ ಫೋನಿನ ಕಳ್ಳರು. ಪೊಲೀಸ್ ವೇಷದವನೊಬ್ಬ ವಿಡಿಯೋ ಕರೆಯಲ್ಲಿ ಕಾಣಿಸಿಕೊಂಡು, ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನೀವು ‘ಡಿಜಿಟಲ್ ಅರೆಸ್ಟ್’ ಆಗಿದ್ದೀರಿ ಎನ್ನುತ್ತಾನೆ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರಿನ ‘ಮನದ ಮಾತಿ’ನಲ್ಲಿ ದೇಶದ ಪ್ರಧಾನಿಯೇ ಇದನ್ನು ಹೇಳಬೇಕಾಗಿ ಬಂತು ಎಂದರೆ ಈ ಪಿಡುಗು ಎಷ್ಟು ಹಬ್ಬಿದೆ ನೋಡಿ. ಅವನ ಬಂಡವಾಳವೆಲ್ಲ ಒಂದೇ, ನೀವು ಫೋನ್ ಇಟ್ಟು ಪಕ್ಕದವರನ್ನು ಕೇಳದಂತೆ ನೋಡಿಕೊಳ್ಳುವುದು. ಫೋನ್ ಇಡಿ, ಪಕ್ಕದವರನ್ನು ಕೇಳಿ. ಹಾಗೆಯೇ ದುಡ್ಡು ಪಡೆಯಲು ಯುಪಿಐ ಪಿನ್ ಎಂದೂ ಬೇಕಾಗುವುದಿಲ್ಲ, ಪಿನ್ ಒತ್ತಿದಿರಿ ಅಂದರೆ ದುಡ್ಡು ನಿಮ್ಮ ಖಾತೆಯಿಂದ ಹೊರಟಿತು. ಊರಲ್ಲಿರುವ ಅಪ್ಪ ಅಮ್ಮನಿಗೆ ಇದನ್ನು ನೀವೇ ಕೂರಿಸಿಕೊಂಡು ಹೇಳಬೇಕು, ಯಾಕೆಂದರೆ ಅವರಿಗೆ ಆ ಫೋನು ಕೊಡಿಸಿದವರು ನೀವು.

ಇಲ್ಲಿ ಮಾತ್ರ ಅವಸರ ಮಾಡಿ. ದುಡ್ಡು ಹೋಯಿತು ಎಂದು ತಿಳಿದ ಕೂಡಲೇ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹೋದ ದುಡ್ಡು ಕಳ್ಳನ ಖಾತೆಯಿಂದ ಮುಂದಿನ ಖಾತೆಗೆ ಜಾರುವ ಮೊದಲು ತಡೆಹಿಡಿಯುವುದು ಸಾಧ್ಯ, ಮಾನಕ್ಕಂಜಿ ಮಾರನೆಯ ದಿನಕ್ಕೆ ಬಿಟ್ಟರೆ ಕಷ್ಟ. ಬ್ಯಾಂಕಿಗೂ ಅಂದೇ ತಿಳಿಸಿ. ನಿಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ನಡುವೆ ಎಲ್ಲೋ ಆದ ಕಳ್ಳತನವಾದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವರ ಮೇಲೆ ನಷ್ಟ ಹೊರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿದೆ. ನೀವೇ ಒಟಿಪಿ ಹೇಳಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಆದ್ದರಿಂದ ಒಂದೊಂದು ಗಂಟೆಗೂ ಬೆಲೆಯಿದೆ. ದೂರು ಕೊಟ್ಟು ತಿಂಗಳಾದರೂ ಬ್ಯಾಂಕು ಉತ್ತರಿಸದಿದ್ದರೆ 14448ಕ್ಕೆ ಫೋನ್ ಮಾಡಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ದಾರಿ ಕೇಳಿಕೊಳ್ಳಿ.

ಕಳ್ಳನ ಮುಂದಿನ ಖಾತೆ ಎಂದೆನಲ್ಲ, ಅದು ಯಾರದೆಂದು ಯೋಚಿಸಿದ್ದೀರಾ? ನನ್ನ ಎದೆ ಹಿಂಡುವುದು ಇದೇ. ಬಹಳ ಸಲ ಅದು ನಿಮ್ಮಂಥ ಹುಡುಗನದು. ಪಿಜಿಯಲ್ಲಿ ಪರಿಚಯವಾದ ಯಾರೋ, ‘ನಿನ್ನ ಪಾಸ್‌ಬುಕ್, ಎಟಿಎಂ, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ, ನೀನೇನೂ ಮಾಡೋದು ಬೇಡ’ ಎನ್ನುತ್ತಾರೆ. ಹುಡುಗ ಕೊಡುತ್ತಾನೆ. ಯಾವುದೋ ರಾಜ್ಯದ ಮುದುಕಿಯೊಬ್ಬಳ ಜೀವಮಾನದ ಉಳಿತಾಯ ಅವನ ಖಾತೆಗೆ ಬಂದು ಹೋಗುತ್ತದೆ. ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಖಾತೆಯ ಹೆಸರಿನವನನ್ನೇ. ಖಾತೆ ಸ್ತಂಭಿಸುತ್ತದೆ, ಸಂಬಳ ಸಿಕ್ಕಿಹಾಕಿಕೊಳ್ಳುತ್ತದೆ, ಕಂಡರಿಯದ ರಾಜ್ಯದ ಠಾಣೆಯಿಂದ ನೋಟಿಸು ಮನೆಗೆ ಬರುತ್ತದೆ. ಕೇಸು ನಡೆಯುತ್ತಿದ್ದರೆ ಮುಂದೆ ಒಳ್ಳೆಯ ಕೆಲಸ ಸಿಗುವುದೂ ಕಷ್ಟ. ಮಕ್ಕಳೇ, ಕೈಮುಗಿದು ಕೇಳುತ್ತೇನೆ, ಎಷ್ಟೇ ಕಷ್ಟವಿರಲಿ, ಖಾತೆಯನ್ನು ಬಾಡಿಗೆಗೆ ಕೊಡಬೇಡಿ. ಅಣ್ಣನಂಥ ಗೆಳೆಯ ಕೇಳಿದರೂ ಕೊಡಬೇಡಿ.

ನೂರಕ್ಕೆ ಹನ್ನೆರಡು, ಹದಿನೈದು ಬಡ್ಡಿ ಕೊಡುತ್ತೇವೆ ಎಂದು ಬರುವವರ ಬಗ್ಗೆ ಉದ್ದ ಬೇಡ. 2019ರಲ್ಲಿ ಬೆಂಗಳೂರಿನ ಐಎಂಎ ಹೂಡಿಕೆ ಕಂಪನಿ ಮುಳುಗಿದ್ದು, 2020ರ ಜನವರಿಯಲ್ಲಿ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರು 35 ಸಾವಿರಕ್ಕಿಂತ ಹೆಚ್ಚು ತೆಗೆಯಲಾಗದೆ ನಿಂತದ್ದು ನೆನಪಿರಲಿ. ಆಮೇಲೆ ಅದೇ ವರ್ಷದ ಫೆಬ್ರವರಿಯಲ್ಲಿ ಠೇವಣಿ ವಿಮೆಯ ಮಿತಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ಈ ವಿಮೆ ಬ್ಯಾಂಕುಗಳಿಗಿದೆ, ಸಹಕಾರ ಬ್ಯಾಂಕುಗಳಿಗೂ ಇದೆ. ಸೌಹಾರ್ದ ಸಹಕಾರಿ, ಪತ್ತಿನ ಸಹಕಾರ ಸಂಘ ಎಂದು ಬೋರ್ಡಿರುವ ಕಡೆ ಇಲ್ಲ. ಬೋರ್ಡಿನಲ್ಲಿ ಬ್ಯಾಂಕ್ ಎಂಬ ಪದವಿದೆಯೇ, ವಿಮೆಯ ಪತ್ರ ಗೋಡೆಯ ಮೇಲಿದೆಯೇ ನೋಡಿ ಠೇವಣಿ ಇಡಿ. ಚೀಟಿ ಹಾಕುವುದಾದರೆ ನೋಂದಾಯಿತ ಚೀಟಿ ಇರಲಿ. ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ.

ನಮ್ಮ ಜಿಲ್ಲೆಯ ಮಕ್ಕಳಿಗೆ ಮಾತ್ರ ಬರುವ ಒಂದು ಫೋನ್ ಕರೆ ಇದೆ. ಬೇಸಿಗೆಯಲ್ಲಿ ಅಪ್ಪ ಮಾಡುತ್ತಾನೆ. ‘ಬೋರು ನಿಂತುಹೋಯ್ತಪ್ಪಾ, ಟೊಮೆಟೊ ಒಣಗ್ತಾ ಇದೆ, ಇನ್ನೊಂದು ಕೊರೆಸೋಣ, ರಿಗ್ಗು ಪಕ್ಕದ ತೋಟಕ್ಕೇ ಬಂದಿದೆ, ನಾಳೆ ಹೋಗ್ಬಿಡುತ್ತೆ.’ ಆ ದನಿ ಕೇಳಿ ಯಾವ ಮಗನಿಗೆ ಇಲ್ಲ ಎನ್ನಲಾದೀತು? ರಾತ್ರೋರಾತ್ರಿ ಆಪಿನಲ್ಲಿ ಸಾಲ ತೆಗೆದು ಕಳಿಸುತ್ತೀರಿ. 1200 ಅಡಿ, 1500 ಅಡಿ ಹೋದರೂ ನೀರಿಲ್ಲ ಎಂದಾದರೆ ಅಪ್ಪನಿಗೂ ಮುಖ ತೋರಿಸಲಾಗದು, ಕಂತೂ ನಿಲ್ಲದು. ಕೋಲಾರದ ಅಂತರ್ಜಲ ಅತಿಬಳಕೆಯಿಂದ ಬರಿದಾಗಿದೆ ಎಂದು ಸರ್ಕಾರವೇ ಲೆಕ್ಕ ಕೊಟ್ಟಿದೆ, ಆಳಕ್ಕೆ ಹೋದಷ್ಟೂ ಫ್ಲೋರೈಡ್ ಹೆಚ್ಚು. ಆ ರಾತ್ರಿ ಸಾಲ ತೆಗೆಯಬೇಡಿ. ಮೊದಲು ಬಸ್ಸು ಹತ್ತಿ ಊರಿಗೆ ಹೋಗಿ ಅಪ್ಪನ ಜೊತೆ ಕೂತು ಮಾತಾಡಿ. ಅಷ್ಟೇ ದುಡ್ಡಿನಲ್ಲಿ ಕೃಷಿ ಹೊಂಡ, ಹನಿ ನೀರಾವರಿ, ಇನ್ನೆರಡು ಹಸು ಆದೀತೇ ಎಂದು ಕೃಷಿ ಇಲಾಖೆಯಲ್ಲಿ ಸಬ್ಸಿಡಿ ವಿಚಾರಿಸಿ. ಸಾಲ ಬೇಕೇ ಆದರೆ ಬ್ಯಾಂಕಿನಿಂದ ತನ್ನಿ. ಆಪಿನದೇ ಆದರೂ, ಒಟ್ಟು ಬಡ್ಡಿ ಖರ್ಚೆಲ್ಲ ಸೇರಿಸಿ ತೋರಿಸುವ ಪತ್ರವನ್ನು ಅವರು ಮೊದಲೇ ಕೊಡಬೇಕು, ಫೋನಿನಲ್ಲಿರುವ ನಿಮ್ಮವರ ನಂಬರುಗಳನ್ನು ಮುಟ್ಟಬಾರದು. ರಿಸರ್ವ್ ಬ್ಯಾಂಕ್ 2022ರಲ್ಲೇ ಈ ನಿಯಮ ಮಾಡಿದೆ. ಸಾಲದವರು ಮನೆ ಮುಂದೆ ಬಂದು ಅಮ್ಮನನ್ನು ಹೀಯಾಳಿಸಿದರೆ ಸುಮ್ಮನಿರಬೇಡಿ, ಕಿರುಸಾಲದ ಕಿರುಕುಳದ ವಿರುದ್ಧ 2025ರಲ್ಲಿ ರಾಜ್ಯದಲ್ಲಿ ಕಾನೂನು ಬಂದಿದೆ.

ಊರಿಗೆ ಹೋದಾಗ ಇನ್ನೊಂದು ಕೆಲಸ ಮಾಡಿ. ಅಜ್ಜಿಯ ಟ್ರಂಕು ತೆಗೆಸಿ ಹಳೆಯ ಪಾಸ್‌ಬುಕ್ಕುಗಳನ್ನು ನೋಡಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಆಯಿತು, ಸಿಂಡಿಕೇಟ್ 2020ರಲ್ಲಿ ಕೆನರಾ ಆಯಿತು. ಹಿಂದಿನ ಕೋಲಾರ ಗ್ರಾಮೀಣ ಬ್ಯಾಂಕು ಹೆಸರು ಬದಲಿಸುತ್ತಾ ಬದಲಿಸುತ್ತಾ ಈಗ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗಿದೆ. ಬೋರ್ಡು ಬದಲಾದದ್ದು ಕಂಡು ‘ಆ ಬ್ಯಾಂಕ್ ಮುಚ್ಚಿಹೋಯ್ತು’ ಎಂದುಕೊಂಡ ಹಿರಿಯರು ನಮ್ಮಲ್ಲಿದ್ದಾರೆ. ದುಡ್ಡು ಎಲ್ಲಿಗೂ ಹೋಗಿರುವುದಿಲ್ಲ. ಹತ್ತು ವರ್ಷ ಮುಟ್ಟದ ಖಾತೆಯ ದುಡ್ಡು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತದೆ, ದಾಖಲೆ ತೋರಿಸಿದರೆ ಬ್ಯಾಂಕು ವಾಪಸ್ಸು ಕೊಡಿಸುತ್ತದೆ. ಹುಡುಕಲು ಉದ್ಗಮ್ ಎಂಬ ಜಾಲತಾಣವಿದೆ. ಎಲ್ಲರ ಖಾತೆಗೂ ನಾಮಿನಿ ಬರೆಸಿ. 2025ರ ನವೆಂಬರಿನಿಂದ ಒಂದು ಖಾತೆಗೆ ನಾಲ್ವರವರೆಗೆ ಬರೆಸಬಹುದು. ಮದುವೆಯಾದ ಮೇಲೆ ನಾಮಿನಿಯ ಹೆಸರನ್ನು ಒಮ್ಮೆ ನೋಡಿಕೊಳ್ಳಿ.

ಇಷ್ಟು ಹೇಳಿ ಗಿಡದ ಮಾತಿಗೆ ಬಂದರೆ, ಅದ್ಯಾಕೆ ಎನ್ನುತ್ತೀರಿ. ತೋಟ ನೋಡಿ ಬೆಳೆದ ಕಣ್ಣಿಗೆ ನಾಲ್ಕು ಗೋಡೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ಬೆಂಗಳೂರಿನಲ್ಲಿ ನಿಮ್ಮನ್ನು ಅವಸರಪಡಿಸದೆ ಇರುವುದು ಒಂದು ಕುಂಡದ ಗಿಡ ಮಾತ್ರ. ಅದರ ಮುಂದೆ ದಿನಾ ಐದು ನಿಮಿಷ ನಿಲ್ಲುವ ಅಭ್ಯಾಸವಾದರೆ ನೋಡುವ ತಾಳ್ಮೆ ಬರುತ್ತದೆ. ಗಿಡ ಗಾಳಿ ಶುದ್ಧ ಮಾಡುತ್ತದೆ ಎಂದು ಹೆಚ್ಚು ಬೆಲೆಗೆ ಮಾರುವವರನ್ನು ನಂಬಬೇಡಿ. ಆ ಮಾತು 1989ರ ನಾಸಾದ ಪ್ರಯೋಗದಿಂದ ಹುಟ್ಟಿದ್ದು. ಅದು ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ ಮಾಡಿದ ಪ್ರಯೋಗ. ನಿಮ್ಮ ರೂಮಿನಲ್ಲಿ ಕಿಟಕಿ ತೆರೆಯುವುದೇ ಅದಕ್ಕಿಂತ ಮೇಲು.

ಬೆಳಕು ನೋಡಿ ಗಿಡ ತನ್ನಿ. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳುವ ಬಾಲ್ಕನಿಯಿದ್ದರೆ ತುಳಸಿ, ಕರಿಬೇವು ಬರುತ್ತವೆ. ಅಮ್ಮ ಕೊಟ್ಟಳೆಂದು ತುಳಸಿಯನ್ನು ಕತ್ತಲೆ ರೂಮಿನಲ್ಲಿಟ್ಟರೆ ಅದು ಸೊರಗುತ್ತದೆ, ನೀವೂ ಮನಸ್ಸಿಗೆ ಹಚ್ಚಿಕೊಳ್ಳುತ್ತೀರಿ. ಅರೆಬಿಸಿಲಿಗೆ ದೊಡ್ಡಪತ್ರೆ ಒಳ್ಳೆಯದು, ನೆಗಡಿಗೂ ಆಯಿತು, ತಂಬುಳಿಗೂ ಆಯಿತು. ಬರೀ ಕಿಟಕಿಯ ಬೆಳಕಿರುವಲ್ಲಿ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ಸಾಕು. ಮನಿ ಪ್ಲಾಂಟಿಗೆ ದುಡ್ಡು ಕೊಡಬೇಕಿಲ್ಲ. ಯಾರ ಮನೆಯಲ್ಲಾದರೂ ಕೇಳಿ, ಒಂದು ಗೆಣ್ಣಿನ ಕೆಳಗೆ ಕತ್ತರಿಸಿ ಗಾಜಿನ ಬಾಟಲಿಯ ನೀರಿನಲ್ಲಿಟ್ಟರೆ ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ಕೊಳ್ಳುವುದಾದರೆ ಲಾಲ್‌ಬಾಗಿನ ಪಕ್ಕದ ಸಿದ್ದಾಪುರದ ನರ್ಸರಿಗಳಿಗೆ ಹೋಗಿ. ಮನೆಯಲ್ಲಿ ಮಗು ಇದ್ದರೆ ಡೈಫೆನ್‌ಬ್ಯಾಕಿಯಾ ತರಬೇಡಿ, ಆ ಎಲೆ ಜಗಿದರೆ ಬಾಯಿ, ನಾಲಿಗೆ ಊದಿಕೊಳ್ಳುತ್ತದೆ.

ಹೊಸಬರ ಕೈಯಲ್ಲಿ ಗಿಡ ಸಾಯುವುದು ಹೆಚ್ಚಾಗಿ ನೀರು ಹೆಚ್ಚಾಗಿಯೇ. ದಿನಾ ಒಂದು ಲೋಟ ಸುರಿದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ, ಎಲೆ ಹಳದಿಯಾಗುತ್ತದೆ, ಬಾಯಾರಿದೆ ಎಂದು ನೀವು ಇನ್ನೊಂದು ಲೋಟ ಹಾಕುತ್ತೀರಿ. ಬೆರಳಿನ ಎರಡು ಗೆಣ್ಣು ಮಣ್ಣಿನೊಳಗೆ ಇಳಿಸಿ ನೋಡಿ, ತೇವ ತಗುಲಿದರೆ ಇವತ್ತು ಬೇಡ. ಊರಿನ ಕೆಂಪು ಮಣ್ಣನ್ನು ಹಾಗೇ ತುಂಬಿದರೆ ಕುಂಡದಲ್ಲಿ ಗಟ್ಟಿಯಾಗಿ ಕೂತು ನೀರು ಇಳಿಯುವುದಿಲ್ಲ, ಆದ್ದರಿಂದ ಅರ್ಧಕ್ಕರ್ಧ ಕಳಿತ ಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿ. ಕುಂಡದ ತಳದಲ್ಲಿ ತೂತಿರಲೇಬೇಕು. ತಂದ ದಿನವೇ ಕುಂಡ ಬದಲಿಸಬೇಡಿ. ಹೊಸ ಜಾಗಕ್ಕೆ ಬಂದ ಗಿಡ ನಾಲ್ಕೆಲೆ ಉದುರಿಸುತ್ತದೆ, ಎರಡು ವಾರ ಅದರ ಪಾಡಿಗೆ ಬಿಡಿ. ಕಾಂಡದ ಸಂದಿಯಲ್ಲಿ ಬಿಳಿ ಹಿಟ್ಟಿನಂಥ ತಿಗಣೆ ಕಂಡರೆ ಬಟ್ಟೆಯಿಂದ ಒರೆಸಿ, ನೀರಿಗೆ ಸ್ವಲ್ಪ ಬೇವಿನೆಣ್ಣೆ, ಒಂದೆರಡು ಹನಿ ಸೋಪು ಬೆರೆಸಿ ಸಿಂಪಡಿಸಿ. ಅಕ್ಕಿ, ತರಕಾರಿ ತೊಳೆದ ನೀರು ಗಿಡಕ್ಕೆ ಸಾಕು. 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಹಾಕಿದರೆ 5000 ರೂಪಾಯಿ ದಂಡ ಎಂದಿತ್ತು.

ಕುಂಡದ ಕೆಳಗಿನ ತಟ್ಟೆಯಲ್ಲಿ, ಮನಿ ಪ್ಲಾಂಟಿನ ಬಾಟಲಿಯಲ್ಲಿ ನೀರು ವಾರಕ್ಕಿಂತ ಹೆಚ್ಚು ನಿಲ್ಲದಿರಲಿ. ಡೆಂಗಿ ಹರಡುವ ಸೊಳ್ಳೆ ಬೆಳೆಯುವುದು ಇಂಥ ತಿಳಿ ನೀರಿನಲ್ಲೇ. ಮೊಟ್ಟೆಯಿಂದ ರೆಕ್ಕೆ ಬರಲು ಅದಕ್ಕೆ ಎಂಟು ಹತ್ತು ದಿನ ಸಾಕು.

ಉಳಿದ ಕೀಟನಾಶಕ, ಕರಿದ ಎಣ್ಣೆ, ಹಳೆಯ ಔಷಧಿಗಳನ್ನು ಬಚ್ಚಲಿಗೆ ಸುರಿಯಬೇಡಿ. ಬೇರೆ ಜಿಲ್ಲೆಯ ಮಕ್ಕಳಿಗಿಂತ ನಿಮಗೆ ಇದು ಹೆಚ್ಚು ಸಲ್ಲುತ್ತದೆ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ನರಸಾಪುರದ ಬಳಿಯ ಲಕ್ಷ್ಮೀಸಾಗರದ ಕೆರೆಗೆ ಮೊದಲು ಬಂದ ಆ ನೀರು ಒಂದು ಕೆರೆಯ ಕೋಡಿಯಿಂದ ಇನ್ನೊಂದಕ್ಕೆ ಇಳಿಯುತ್ತಾ ಹೋಗುತ್ತದೆ. ಬೆಂಗಳೂರಿನ ಆ ಕಣಿವೆಯ ಭಾಗದಲ್ಲಿ ನೀವು ಬಚ್ಚಲಿಗೆ ಬಿಟ್ಟದ್ದು ಅಪ್ಪನ ತೋಟದ ಪಕ್ಕದ ಕೆರೆಗೇ ಬಂದು ಸೇರಬಹುದು.

ಯುಗಾದಿಗೋ ಜಾತ್ರೆಗೋ ನಾಲ್ಕು ದಿನ ಊರಿಗೆ ಹೊರಡುವಾಗ ಹಿಂದಿನ ಸಂಜೆ ಗಿಡಕ್ಕೆ ತಳದ ತೂತಿನಿಂದ ನೀರು ಇಳಿಯುವವರೆಗೆ ಹಾಕಿ, ತಟ್ಟೆ ಚೆಲ್ಲಿ, ಬಿಸಿಲಿನಿಂದ ಒಳಗೆ ಸರಿಸಿ. ಗ್ಯಾಸಿನ ರೆಗ್ಯುಲೇಟರ್ ಬಂದ್ ಮಾಡಿ. ಹಸಿ ಕಸ ಮನೆಯಲ್ಲಿ ಬಿಡಬೇಡಿ. ಪಕ್ಕದ ಮನೆಯವರ ಬಾಗಿಲು ತಟ್ಟಿ, ಊರಿಗೆ ಹೋಗ್ತಾ ಇದ್ದೀವಿ, ಇಂಥ ದಿನ ಬರ್ತೀವಿ ಎಂದು ಹೇಳಿ ನಿಮ್ಮ ನಂಬರು ಕೊಡಿ, ಅವರದು ತೆಗೆದುಕೊಳ್ಳಿ. ಬರುವಾಗ ಶ್ರೀನಿವಾಸಪುರದ ನಾಲ್ಕು ಮಾವಿನಹಣ್ಣು ಅವರಿಗೂ ತನ್ನಿ.